ಲೂಪ್ ಪೆಡಲ್ ತಗೊಂಡ್ಮೇಲೆ ಕಾಲಿಗೆ ತಾಳ ಕಲಿಸಿದ್ದು

ಗಿಟಾರ್ ಹಿಡ್ದು ಹನ್ನೊಂದು ವರ್ಷ ಆಯ್ತು, ಲೂಪರ್ ಜೊತೆ ನಾಲ್ಕು ವರ್ಷ. ಲೂಪರ್ ಅಥವಾ ಲೂಪ್ ಪೆಡಲ್ ಅಂದ್ರೆ, ಕಾಲಲ್ಲಿ ಒಂದ್ಸಲ ಒತ್ತಿದ್ರೆ ನಾವು ನುಡ್ಸಿದ್ದನ್ನ ರೆಕಾರ್ಡ್ ಮಾಡಿ, ಇನ್ನೊಂದ್ಸಲ ಒತ್ತಿದ್ರೆ ಅದನ್ನೇ ಸುತ್ತಿ ಸುತ್ತಿ ನುಡ್ಸೋ ಡಬ್ಬಿ. ಕೆಲ್ಸ ಮುಗ್ಸಿ ಮನೆಗೆ ಬರೋ ಹೊತ್ತಿಗೆ ರಾತ್ರಿ ಒಂಬತ್ತು, ಆ ಹೊತ್ತಲ್ಲಿ ಜೊತೆಗೆ ಕೂತು ನುಡ್ಸೋರು ಯಾರು ಸಿಗ್ತಾರೆ? ಯೂಟ್ಯೂಬಲ್ಲಿ ಬ್ಯಾಕಿಂಗ್ ಟ್ರ್ಯಾಕ್ (ಹಿನ್ನೆಲೆ ಸಂಗೀತ) ಹಾಕ್ಕೊಂಡು ಒಂದಷ್ಟು ದಿನ ನೋಡ್ದೆ, ಶ್ರುತಿ ಸರಿ ಇದ್ರೆ ಸ್ಪೀಡ್ ಸರಿ ಇರಲ್ಲ, ಎರಡೂ ಸರಿ ಇದ್ರೆ ಭಾವಗೀತೆಗೆ ಬೇಕಾದ ನಡೆ ಇರಲ್ಲ. ನಂದೇ ಕಾರ್ಡ್ಸ್ (ಒಟ್ಟಿಗೆ ಮೀಟೋ ಸ್ವರಗಳ ಗುಂಪು) ನಾನೇ ನುಡ್ಸಿ ಅದ್ರ ಮೇಲೆ ನಾನೇ ಮೆಲೊಡಿ ನುಡ್ಸಬೇಕು ಅನ್ನೋದೊಂದೇ ಆಸೆ ಇತ್ತು.

ಕೊಳ್ಳೋಕೆ ಮುಂಚೆ ಫ್ರೆಂಡ್ ಒಬ್ರ ಹತ್ರ ಇದ್ದ ಟಿಸಿ ಎಲೆಕ್ಟ್ರಾನಿಕ್ ಡಿಟ್ಟೊ ಅನ್ನೋ ಲೂಪರನ್ನ ಎರಡು ವಾರ ತಂದಿಟ್ಕೊಂಡಿದ್ದೆ. ಅಂಗೈಗಿಂತ ಚಿಕ್ಕದು, ಒಂದೇ ಬಟನ್, ಒಂದೇ ನಾಬ್, 5 ನಿಮಿಷ ರೆಕಾರ್ಡಿಂಗ್. ಸೌಂಡ್ ಬಗ್ಗೆ ಒಂದು ಮಾತೂ ಆಡೋ ಹಾಗಿಲ್ಲ. ನಂಗೆ ಕಷ್ಟ ಆಗಿದ್ದು ನಿಲ್ಸೋದು, ಅದನ್ನ ನಿಲ್ಸೋಕೆ ಪಟಪಟ ಅಂತ ಎರಡು ಸಲ ಒತ್ಬೇಕು, ಹಾಡಿನ ಕೊನೇಲಿ ಸರಿಯಾಗಿ ತಾಳಕ್ಕೆ ಎರಡು ಸಲ ಒತ್ತೋದು ನನ್ನ ಕಾಲಿಗೆ ಒಗ್ಗಲೇ ಇಲ್ಲ. ಇನ್ನೊಂದು ಕಡೆ ಬಾಸ್ ಕಂಪನಿಯ ಆರ್‌ಸಿ-5 ನೋಡ್ದೆ, 99 ಲೂಪ್ ಸೇವ್ ಮಾಡ್ಬೋದು, ಒಳಗೇ ಡ್ರಮ್ಸ್ ಇದೆ, 13 ಗಂಟೆ ರೆಕಾರ್ಡ್ ಆಗತ್ತಂತೆ. ಆದ್ರೆ ಯೋಚ್ನೆ ಮಾಡಿ, 80 ಬಿಪಿಎಂ (ನಿಮಿಷಕ್ಕೆ 80 ಬೀಟ್) ಅಲ್ಲಿ ನಾಲ್ಕು ಕಾರ್ಡಿನ ಒಂದು ಸುತ್ತು, ಅಂದ್ರೆ 16 ಬೀಟ್, ಬರೀ 12 ಸೆಕೆಂಡ್. ನಾನು ಮಾಡಿದ ಅತಿ ಉದ್ದದ ಲೂಪ್ ಒಂದು ನಿಮಿಷ ದಾಟಿಲ್ಲ. ಗಂಟೆಗಟ್ಲೆ ಮೆಮೊರಿ ನಂಗೆ ಬೇಕಿರ್ಲಿಲ್ಲ.

ಕೊನೆಗೆ ತಗೊಂಡಿದ್ದು ಬಾಸ್ ಆರ್‌ಸಿ-1, ಸೆಕೆಂಡ್ ಹ್ಯಾಂಡ್. 12 ನಿಮಿಷ ರೆಕಾರ್ಡಿಂಗ್, ಸಾಕೋ ಸಾಕು. ಎರಡು ಕಾರಣಕ್ಕೆ ಅದನ್ನೇ ಆರಿಸ್ಕೊಂಡೆ. ಒಂದು, ಮೇಲೆ ದುಂಡಗೆ 24 ದೀಪ ಇದೆ, ಲೂಪ್ ಎಷ್ಟು ಸುತ್ತಿದೆ ಅಂತ ಗಡಿಯಾರದ ಮುಳ್ಳಿನ ಥರ ಕಣ್ಣಿಗೆ ಕಾಣತ್ತೆ, ಮುಂದಿನ ಸುತ್ತು ಎಲ್ಲಿ ಶುರು ಅಂತ ಕಾಯ್ತಾ ಕೂತಾಗ ಇದ್ರ ಬೆಲೆ ಗೊತ್ತಾಗತ್ತೆ. ಎರಡು, ಬೇರೆ ಫುಟ್‌ಸ್ವಿಚ್ ಸಿಕ್ಕಿಸಿ ಅದನ್ನ ನಿಲ್ಸೋಕೆ ಇಟ್ಕೋಬೋದು.

ಇಷ್ಟೆಲ್ಲ ಆದ್ಮೇಲೂ ಮೊದಲ್ನೇ ತಿಂಗ್ಳು ಒಂದು ಲೂಪೂ ಸರಿ ಬರ್ಲಿಲ್ಲ. ಪ್ರತಿ ಸುತ್ತಿನ ಕೊನೇಲಿ ಒಂದು ಸಣ್ಣ ಎಡವು. ಪೆಡಲ್ಲೇ ಕೆಟ್ಟಿರ್ಬೇಕು ಅಂದ್ಕೊಂಡೆ. ತಪ್ಪು ಇದ್ದಿದ್ದು ಎಲ್ಲಿ ಅಂದ್ರೆ, ನಾನು ಕೊನೇ ಬೀಟ್ ನುಡ್ಸಿ, ಅದು ಮುಗೀತು ಅನ್ನಿಸ್ದಾಗ ಕಾಲು ಒತ್ತಿದ್ದೆ. ಚಿಕ್ಕವನಾಗಿದ್ದಾಗ ಸಂಗೀತದ ಕ್ಲಾಸಲ್ಲಿ ಟೀಚರ್ ತೊಡೆ ಮೇಲೆ ಆದಿತಾಳ ಹಾಕಿಸ್ತಿದ್ರು, ಒಂದು ಪೆಟ್ಟು ಮೂರು ಬೆರಳು, ಪೆಟ್ಟು ಹುಸಿ, ಪೆಟ್ಟು ಹುಸಿ (ಹುಸಿ ಅಂದ್ರೆ ಅಂಗೈ ಮೇಲ್ಮುಖ ಮಾಡೋದು). ಎಂಟನೇ ಎಣಿಕೆ ಹುಸಿ, ಆದ್ರೆ ಆವರ್ತನ (ತಾಳದ ಒಂದು ಸುತ್ತು) ಮುಗಿಯೋದು ಅಲ್ಲಿ ಅಲ್ಲ, ಆ ಹುಸಿಗೂ ಅದ್ರ ಪೂರ್ತಿ ಕಾಲ ಕೊಟ್ಟು ಮತ್ತೆ ಸಮಕ್ಕೆ, ಅಂದ್ರೆ ಮೊದಲ್ನೇ ಎಣಿಕೆಗೆ, ಪೆಟ್ಟು ಬೀಳೋವಾಗ. ಲೂಪರ್ ಕೂಡ ಅಷ್ಟೇ. ಮೊದಲ್ನೇ ಸಲ ಒತ್ತೋದು ಸಮಕ್ಕೆ, ಎರಡನೇ ಸಲ ಒತ್ತೋದು ಮುಂದಿನ ಆವರ್ತನದ ಸಮಕ್ಕೆ. ಇದು ತಲೆಗೆ ಹೋದ ದಿನ ಗಿಟಾರ್ ಪಕ್ಕಕ್ಕಿಟ್ಟು ಬರೀ ಮೆಟ್ರೊನೋಮ್ (ಲಯಕ್ಕೆ ಟಕ್ ಟಕ್ ಅನ್ನೋದು) ಹಾಕ್ಕೊಂಡು, ಕೈಯಲ್ಲಿ ತಾಳ, ಕಾಲಲ್ಲಿ ಪೆಡಲ್, ಅರ್ಧ ಗಂಟೆ ಅದೇ ಮಾಡ್ದೆ. ಒಂದು ವಾರ ದಿನಾ ಹೀಗೇ ಮಾಡಿದ್ಮೇಲೆ ಎಡವು ಹೋಯ್ತು.

ಹಾಡಿನ ಎತ್ತುಗಡೆ (ಹಾಡು ಶುರು ಆಗೋ ಜಾಗ) ಸಮದಲ್ಲಿ ಇಲ್ದೆ ಅರ್ಧ ಎಣಿಕೆ ಆದ್ಮೇಲೆ ಇದ್ರೂ ನಾನು ಪೆಡಲ್ ಒತ್ತೋದು ಸಮಕ್ಕೇ, ಆ ಅರ್ಧ ಎಣಿಕೆ ಸುಮ್ನಿದ್ದು ಆಮೇಲೆ ನುಡಿಸ್ತೀನಿ. ಹಾಡಿನ ಜೊತೆ ಕಾಲು ಓಡಿಸೋಕೆ ಹೋದ್ರೆ ಎರಡನೇ ಸಲ ಎಲ್ಲಿ ಒತ್ಬೇಕು ಅನ್ನೋದು ಕೈ ತಪ್ಪಿ ಹೋಗತ್ತೆ.

ಇನ್ನೊಂದು ವಿಷ್ಯ, ಎರಡನೇ ಸಲ ಒತ್ತಿದಾಗ ಕೆಲವು ಪೆಡಲ್ ಬರೀ ಪ್ಲೇಗೆ ಹೋಗತ್ತೆ, ಕೆಲವು ನೇರ ಮೇಲೊಂದು ಪದರ ರೆಕಾರ್ಡ್ ಮಾಡೋ ಓವರ್‌ಡಬ್‌ಗೆ. ಓವರ್‌ಡಬ್‌ಗೆ ಹೋಗೋದಾದ್ರೆ ಒತ್ತಿದ ತಕ್ಷಣ ಕೈ ನಿಲ್ಸಬೇಕು, ಇಲ್ಲಾಂದ್ರೆ ಮೊದಲ್ನೇ ಕಾರ್ಡ್ ಎರಡು ಪದರ ಆಗಿ ಪ್ರತಿ ಸುತ್ತಲ್ಲೂ ಅದೊಂದೇ ಜೋರಾಗಿ ಬಡಿಯತ್ತೆ. ನಿಮ್ಮ ಪೆಡಲ್ ಯಾವ ಥರದ್ದು ಅಂತ ಮೊದ್ಲು ನೋಡ್ಕೊಳ್ಳಿ.

ಪದರ ಹಾಕೋದ್ರಲ್ಲಿ ನಾನು ಕಲ್ತಿದ್ದು, ಎಲ್ಲಾ ಪದರಕ್ಕೂ ಆರು ತಂತಿಯ ಪೂರ್ತಿ ಕಾರ್ಡ್ ನುಡ್ಸಿದ್ರೆ ಮೂರನೇ ಪದರಕ್ಕೇ ಸೌಂಡ್ ಕೆಸರಾಗತ್ತೆ. ನಂದು ಪೀಜೋ ಪಿಕಪ್ (ಗಿಟಾರಿನ ಕಂಪನ ಹಿಡಿಯೋ ಸೆನ್ಸರ್) ಇರೋ ಅಕೂಸ್ಟಿಕ್, ಮೊದ್ಲು ಗಿಟಾರಿನ ಮೈ ಮೇಲೆ ಅಂಗೈಯಿಂದ ಮೆಲ್ಲಗೆ ತಟ್ಟಿ ತಾಳ ಹಾಕ್ತೀನಿ, ಪೀಜೋ ಅದನ್ನ ಚೆನ್ನಾಗಿ ಹಿಡಿಯತ್ತೆ, ಆಮೇಲೆ ಕೆಳಗಿನ ಸ್ವರದ ದಪ್ಪ ತಂತೀಲಿ ಒಂದೊಂದೇ ಬೇಸ್ ನೋಟ್, ಅದಾದ್ಮೇಲೆ ಸಣ್ಣ ಮೂರು ತಂತೀಲಿ ಕಾರ್ಡ್, ಅಲ್ಲಿಗೆ ನಿಲ್ಲಿಸ್ತೀನಿ. ಇದೆಲ್ಲ ಗಿಟಾರ್ ವಾಲ್ಯೂಮ್ 7ರಲ್ಲಿಟ್ಟು ರೆಕಾರ್ಡ್ ಮಾಡ್ತೀನಿ, ಮೆಲೊಡಿ ನುಡ್ಸೋವಾಗ 10. ಎಲೆಕ್ಟ್ರಿಕ್‌ನೋರು ಲೂಪರನ್ನ ಸೌಂಡ್ ಒರಟು ಮಾಡೋ ಓವರ್‌ಡ್ರೈವ್ ಆದ್ಮೇಲೆ ಇಡಿ, ಮುಂಚೆ ಇಟ್ರೆ ಲೂಪು ಲೀಡು ಎರಡೂ ಒಟ್ಟಿಗೆ ಡ್ರೈವ್ ಒಳಗೆ ಹೋಗಿ ಕಲಸಿ ಬರತ್ತೆ.

ಒಂದು ಸಲ ನಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವದಲ್ಲಿ ನುಡ್ಸೋವಾಗ ಓವರ್‌ಡಬ್ ಆಫ್ ಮಾಡೋದು ಮರ್ತೋಯ್ತು. ಮೊದಲ್ನೇ ಚರಣದ ಮೆಲೊಡಿ ಪೂರ್ತಿ ಲೂಪ್ ಒಳಗೆ ಸೇರ್ಕೊಂಡು ಎರಡನೇ ಚರಣಕ್ಕೆ ಅಡ್ಡ ಬಂತು, ಹಾಡೋ ಅಕ್ಕ ಪಾಪ ಎಲ್ಲಿ ಎತ್ಕೋಬೇಕು ಅಂತ ನನ್ನ ಮುಖ ನೋಡಿದ್ರು, ಆ ನೋಟ ಇನ್ನೂ ಮರ್ತಿಲ್ಲ. ಪೆಡಲ್ ಒತ್ತಿ ಹಿಡಿದು ಅಂಡೂ (ಕೊನೇ ಪದರ ಅಳಿಸೋದು) ಮಾಡ್ದೆ, ಮೆಲೊಡಿ ಹೋಗಿ ಕಾರ್ಡ್ಸ್ ಉಳೀತು, ಅವ್ರು ಮುಂದಿನ ಸುತ್ತಿಗೆ ಸರಿಯಾಗಿ ಎತ್ಕೊಂಡ್ರು. ಅವತ್ತಿಂದ ಮೆಲೊಡಿ ಶುರು ಮಾಡೋಕೆ ಮುಂಚೆ ಒಂದು ಸುತ್ತು ಖಾಲಿ ಬಿಟ್ಟು ದೀಪ ನೋಡ್ತೀನಿ. ತಬಲಾದವ್ರು ಜೊತೆಗಿದ್ರೆ ಲೂಪ್ ಅವ್ರ ಕಿವಿಗೆ ಸ್ಪಷ್ಟವಾಗಿ ಬೀಳ್ಬೇಕು, ಯಾಕಂದ್ರೆ ಮನುಷ್ಯ ಸ್ವಲ್ಪ ಓಡ್ತಾನೆ ಸ್ವಲ್ಪ ಎಳೀತಾನೆ, ಲೂಪ್ ಯಾರಿಗೋಸ್ಕರಾನೂ ಕಾಯಲ್ಲ. ನುಡ್ಸೋರಿಗೇ ಕೇಳ್ಸೋ ಮಾನಿಟರ್ ಸ್ಪೀಕರ್ ಇಲ್ಲಾಂದ್ರೆ ನಾನು ಲೂಪರ್ ಆನ್ ಮಾಡೋದೇ ಇಲ್ಲ.

ಅಡಾಪ್ಟರ್ ವಿಷ್ಯದಲ್ಲಿ ಉಳಿಸೋಕೆ ಹೋಗ್ಬೇಡಿ. 9 ವೋಲ್ಟ್, ಮಧ್ಯದ ಪಿನ್ ನೆಗೆಟಿವ್ ಇರೋದೇ ಬೇಕು. ನಾನು ಎಲ್ಲಾ ಪೆಡಲ್ಲನ್ನೂ ಒಂದೇ ಅಡಾಪ್ಟರಿಗೆ ಸರಪಳಿ ಹಾಕಿ ಕೊಟ್ಟಿದ್ದೆ, ಕುಂಯ್ ಅಂತ ಒಂದು ಶಬ್ದ ಸದಾ ಕೇಳ್ತಿತ್ತು, ಲೂಪರಿಗೆ ಬೇರೆ ಅಡಾಪ್ಟರ್ ಕೊಟ್ಮೇಲೆ ನಿಂತು ಹೋಯ್ತು.

ಈಗ ನಂಗೆ ತುಂಬಾ ಇಷ್ಟ ಬೆಳಗಿನ ಅಭ್ಯಾಸ. ದಪ್ಪ ತಂತೀನ ಡಿ ಸ್ವರಕ್ಕೆ ಇಳಿಸಿ, ಡಿ ಎ ಡಿ ಮೂರು ತಂತೀನೂ ಬಿಡಿಬಿಡಿಯಾಗಿ ಮೀಟಿ ತಂಬೂರಿ ಥರ ಲೂಪ್ ಮಾಡ್ತೀನಿ. ಇದಕ್ಕೆ ತಾಳ ಇಲ್ಲ, ಹಾಗಾಗಿ ಜೋಡಣೆ ಆಗೋ ಜಾಗದಲ್ಲಿ ನಾದ ಕತ್ತರಿಸ್ದಂಗೆ ಕೇಳತ್ತೆ. ಅದಕ್ಕೆ ಲೂಪ್ ಅರ್ಧ ದಾರಿಗೆ ಬಂದಾಗ ಓವರ್‌ಡಬ್ ಶುರು ಮಾಡಿ, ಆ ಜಾಗ ದಾಟೋವರೆಗೂ ಮತ್ತೆ ಅದೇ ಡಿ ಎ, ಅಂದ್ರೆ ಸ-ಪ, ಮೀಟ್ತೀನಿ, ಜೋಡಣೆ ಮುಚ್ಚಿ ಹೋಗತ್ತೆ. ಅದ್ರ ಮೇಲೆ ಮೋಹನ ರಾಗ ನುಡಿಸ್ತಾ ಕೂತ್ರೆ ಆಫೀಸಿಗೆ ಹೊರಡೋ ಅಲಾರಾಂ ಹೊಡ್ದಾಗ್ಲೇ ಗೊತ್ತಾಗೋದು.