ಫ್ರೀಜರ್ ಫ್ಯಾನ್ ಗರಗರ ಅಂತಿದ್ರೆ

ಫ್ರಾಸ್ಟ್ ಫ್ರೀ ಫ್ರಿಡ್ಜ್‌ನ ಫ್ರೀಜರ್ ಒಳಗಿಂದ ಗರಗರ ಸದ್ದು ಬರ್ತಿದ್ರೆ ಬಾಗಿಲು ತೆಗೆದು, ಅಂಚಲ್ಲಿರೋ ಲೈಟ್ ಸ್ವಿಚ್ಚನ್ನ ಬೆರಳಲ್ಲಿ ಒತ್ತಿ ಹಿಡೀರಿ. ತೆಗೆದಾಗ ನಿಂತ ಸದ್ದು ಒತ್ತಿದಾಗ ಮತ್ತೆ ಶುರುವಾದ್ರೆ ಅದು ಫ್ಯಾನಿಂದೇ. ಹೆಚ್ಚಿನ ಸಲ ಕಾಯಿಲ್ (ತಂಪು ಮಾಡೋ ಪೈಪಿನ ಸುರುಳಿ) ಹತ್ರ ಕಟ್ಟಿದ ಐಸ್ ಫ್ಯಾನಿನ ರೆಕ್ಕೆಗೆ ತಾಗ್ತಿರುತ್ತೆ. ಎಲ್ಲಾ ಖಾಲಿ ಮಾಡಿ, ಪ್ಲಗ್ ಕಿತ್ತು, ಕೆಳಗೆ ಹಳೇ ಪಂಚೆ ಹಾಸಿ, ಬಾಗಿಲು ತೆರೆದು ಒಂದಿಡೀ ದಿನ ಬಿಡಿ. ಐಸ್ ಇರೋದು ಹಿಂದಿನ ಪ್ಲಾಸ್ಟಿಕ್ ಹಲಗೆಯ ಆಚೆ, ಹಾಗಾಗಿ ಒಂದೆರಡು ಗಂಟೆ ಸಾಲಲ್ಲ. ದಯವಿಟ್ಟು ಚಾಕು, ಸ್ಕ್ರೂಡ್ರೈವರ್ ಹಾಕಿ ಕೆರೀಬೇಡಿ, ಪೈಪ್ ತೂತಾದ್ರೆ ಗ್ಯಾಸೇ ಹೋಗುತ್ತೆ! ಬಾಗಿಲು ತೆಗೆದ್ರೂ ಸದ್ದು ನಿಲ್ಲದಿದ್ರೆ ಕಂಪ್ರೆಸರ್ ಕಡೆ ನೋಡಿ, ಈ ಐಸ್ ಕರಗಿಸೋ ಉಪಾಯ ಉಪಯೋಗಕ್ಕೆ ಬರಲ್ಲ. ಕೆಲವೇ ದಿನದಲ್ಲಿ ಮತ್ತೆ ಶುರುವಾದ್ರೆ ಬಾಗಿಲಿನ ರಬ್ಬರ್ ಅಥವಾ ಐಸ್ ಕರಗಿಸೋ ಡಿಫ್ರಾಸ್ಟ್ ಹೀಟರ್ ಕೆಟ್ಟಿರಬಹುದು, ಮೆಕ್ಯಾನಿಕ್‌ಗೇ ತೋರಿಸಿ.