ಭಾರದ ಸವಾರನಿಗೆ ಇ-ಸೈಕಲ್: ಮೋಟಾರಿಗಿಂತ ಮೊದಲು ಹಿಂದಿನ ಚಕ್ರ ನೋಡಿ

ನಮ್ಮ ಮನೆಯ ತೂಕದ ಯಂತ್ರ 120 ಕಿಲೋಗೆ ಕೈಯೆತ್ತುತ್ತದೆ. ಅದರ ಮೇಲೆ ನಿಂತರೆ ಬರೇ ಎರಡು ಗೆರೆ ತೋರಿಸುತ್ತದೆ. ನನ್ನ ನಿಜವಾದ ತೂಕ ಗೊತ್ತಾದದ್ದು ಮಂಗಳೂರು ಬಂದರಿನ ಅಡಿಕೆ ಮಂಡಿಯಲ್ಲಿ, ಪರಿಚಯದವರು ಮೂಟೆ ತೂಗುವ ಕಾಟದ ಮೇಲೆ. ಬರೇ ನಾನು 121 ಕಿಲೋ. ಹೆಲ್ಮೆಟ್, ಶೂ, ಲ್ಯಾಪ್‌ಟಾಪ್, ಊಟದ ಡಬ್ಬಿ, ರೈನ್‌ಕೋಟ್ ಸೇರಿ ಇನ್ನೊಂದು 9. ಇ-ಸೈಕಲ್ 25. ಒಟ್ಟು 155 ಕಿಲೋ. ಮಂಡಿಯ ಹುಡುಗರು ನಕ್ಕರು, ನಾನೂ ನಕ್ಕೆ. ಈ ಲೆಕ್ಕವನ್ನು ಮೊದಲ ಸೈಕಲ್ ಕೊಳ್ಳುವ ಮುಂಚೆ ಮಾಡಿದ್ದರೆ 32 ಸಾವಿರ ರೂಪಾಯಿ ಉಳಿಯುತ್ತಿತ್ತು.

ಆ ಮೊದಲ ಸೈಕಲ್ಲಿನ ಕಂಪನಿ ಹೆಸರು ಬೇಡ, ತಪ್ಪು ಅರ್ಧ ನನ್ನದೂ ಹೌದು. ಮೊಣಕಾಲು ನೋವಿಗೆ ಡಾಕ್ಟರು ‘ನಡೆಯುವುದಕ್ಕಿಂತ ಸೈಕಲ್ ತುಳಿಯಿರಿ’ ಅಂದರು. ಬೋಂದೆಲ್‌ನಿಂದ ಹಂಪನಕಟ್ಟೆಯ ಆಫೀಸಿಗೆ ಎಂಟು ಕಿಲೋಮೀಟರ್. ಅದೇ ವಾರ ಅಂಗಡಿಗೆ ಹೋದೆ, ಮೋಟಾರ್ ಎಷ್ಟು ವಾಟ್, ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಎಂದು ಎರಡೇ ಪ್ರಶ್ನೆ ಕೇಳಿದೆ, ತಂದೆ. ಎರಡನೇ ತಿಂಗಳು ಒಂದು ಸಂಜೆ ಯೆಯ್ಯಾಡಿಯ ಹತ್ತಿರ ಹಿಂದಿನಿಂದ ‘ಟಣ್’ ಅಂತ ಸದ್ದು. ಚಕ್ರದ ಒಂದು ಕಡ್ಡಿ, ಅಂದರೆ ಸ್ಪೋಕ್, ಹೋಗಿತ್ತು. ಹಾಕಿಸಿದೆ. ಹತ್ತು ದಿನದಲ್ಲಿ ಇನ್ನೆರಡು. ನಾಲ್ಕನೇ ಸಲ ಚಕ್ರ ಬೆಂಡಾಗಿ ಬ್ರೇಕಿಗೆ ತಾಗಲು ಶುರುವಾಯಿತು. ಮಾರಿದವರು ಪುಸ್ತಕ ತೆರೆದು ತೋರಿಸಿದರು: ಗರಿಷ್ಠ ಭಾರ 100 ಕಿಲೋ. ಅಕ್ಷರ ಇರುವೆಯಷ್ಟು ಸಣ್ಣದು, ಆದರೆ ಇತ್ತು.

ಇಲ್ಲೊಂದು ಸೂಕ್ಷ್ಮ ಉಂಟು. ಕೆಲವರು ಬರೆಯುವ ‘ಗರಿಷ್ಠ ಭಾರ’ ಸವಾರನದ್ದು ಮಾತ್ರ, ಕೆಲವರದ್ದು ಸವಾರ, ಚೀಲ, ಸೈಕಲ್ ಎಲ್ಲ ಸೇರಿ. ಎರಡಕ್ಕೂ ನಡುವೆ 30 ಕಿಲೋ ಅಂತರ ಬೀಳುತ್ತದೆ. ಅಂಗಡಿಯವರಿಗೆ ಬಹಳ ಸಲ ಅದು ಯಾವುದೆಂದು ಗೊತ್ತಿರುವುದಿಲ್ಲ. ಎರಡನೇ ಸಲ ನಾನು ಕಂಪನಿಗೇ ಮೇಲ್ ಬರೆದು ಉತ್ತರ ತರಿಸಿಕೊಂಡೆ. ಐದು ಕಂಪನಿಗೆ ಬರೆದಿದ್ದೆ, ಇಬ್ಬರು ಉತ್ತರಿಸಿದರು. ಉಳಿದ ಮೂವರನ್ನು ಆರಿಸುವ ತೊಂದರೆ ತಪ್ಪಿತು.

ನನ್ನ ಕಣ್ಣು ತೆರೆಸಿದ್ದು ಮಾತ್ರ ಮನೆ ಹತ್ತಿರದ ಸೈಕಲ್ ಶಾಪಿನ ಕಾಕ. ಅರವತ್ತು ದಾಟಿದವರು, ಬ್ಯಾಟರಿ ಸೈಕಲ್ ಅಂದರೆ ಮೂಗು ಮುರಿಯುವವರು. ಮುರಿದ ಚಕ್ರ ತೆಗೆದುಕೊಂಡು ಹೋದಾಗ ಕೇಳಿದರು: “ಹಳೇ ಕರಿ ಸೈಕಲಿಗೆ ಹಿಂದೆ ಎಷ್ಟು ಕಡ್ಡಿ, ಮುಂದೆ ಎಷ್ಟು ಕಡ್ಡಿ ಗೊತ್ತುಂಟಾ ಸರ್?”

ಗೊತ್ತಿರಲಿಲ್ಲ.

“ಮುಂದೆ ಮೂವತ್ತೆರಡು, ಹಿಂದೆ ನಲವತ್ತು. ಮೀನಿನ ಬುಟ್ಟಿ, ಅಕ್ಕಿ ಮೂಟೆ ಎಲ್ಲ ಕೂತುಕೊಳ್ಳುದು ಹಿಂದೆ ಅಲ್ವಾ? ನೀವು ಎರಡು ಮೂಟೆ ಉಂಟು. ಈ ಚಕ್ರ ನಿಮಗೆ ಆಗುದಿಲ್ಲ ಮಾರಾಯ್ರೆ.”

ಆಮೇಲೆ ನಾನು ಕುಳಿತು ಲೆಕ್ಕ ಹಾಕಿದೆ. ಕುಳಿತು ತುಳಿಯುವಾಗ ಭಾರದ ಹೆಚ್ಚುಪಾಲು, ಸುಮಾರು ಐದರಲ್ಲಿ ಮೂರು ಭಾಗ, ಹಿಂದಿನ ಚಕ್ರದ ಮೇಲೆ. ಮೋಟಾರ್ ಎಳೆತವೂ ಅದೇ ಚಕ್ರದ ಸ್ಪೋಕುಗಳ ಮೂಲಕ ಹೋಗಬೇಕು. 26 ಇಂಚಿನ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 480 ಸುತ್ತು ಸುತ್ತುತ್ತದೆ. ದಿನಕ್ಕೆ 16 ಕಿಲೋಮೀಟರ್ ಅಂದರೆ 7,700 ಸುತ್ತು. ಪ್ರತಿ ಸುತ್ತಿನಲ್ಲೂ ನೆಲದ ಕಡೆಗೆ ಬಂದ ಕಡ್ಡಿಗಳ ಬಿಗಿ ಸ್ವಲ್ಪ ಇಳಿದು ಮತ್ತೆ ಏರುತ್ತದೆ. ಮೊದಲೇ ಸಡಿಲ ಇದ್ದರೆ ಆ ಕ್ಷಣ ಕಡ್ಡಿ ಪೂರ್ತಿ ಜೋತು ಬಿದ್ದು, ಚಕ್ರದ ನಡುವಿನ ಹಬ್‌ಗೆ ಸಿಕ್ಕಿಸಿದ ಬಾಗಿನ ಹತ್ತಿರ ಆಚೆ ಈಚೆ ಆಡುತ್ತದೆ. ಕೈಯಲ್ಲಿ ತಂತಿಯನ್ನು ಬಗ್ಗಿಸಿ ಬಗ್ಗಿಸಿ ತುಂಡು ಮಾಡುತ್ತೇವಲ್ಲ, ಅದೇ ಕೆಲಸ ದಿನಕ್ಕೆ ಏಳು ಸಾವಿರ ಸಲ. ಅಂದರೆ ಸ್ಪೋಕ್ ತುಂಡಾಗುವುದು ಭಾರಕ್ಕಿಂತ ಹೆಚ್ಚಾಗಿ ಸಡಿಲದಿಂದ. ನನ್ನ ಮೊದಲ ಸೈಕಲ್ಲನ್ನು ಪೆಟ್ಟಿಗೆಯಿಂದ ತೆಗೆದು ಹ್ಯಾಂಡಲ್ ತಿರುಗಿಸಿ ಕೊಟ್ಟಿದ್ದರು. ಕಡ್ಡಿಗಳನ್ನು ಯಾರೂ ಮುಟ್ಟಿರಲಿಲ್ಲ.

ಹಾಗಾಗಿ ಎರಡನೇ ಸಲ ಅಂಗಡಿಗೆ ಹೋದಾಗ ಮೊದಲು ಮಂಡಿಯೂರಿ ಹಿಂದಿನ ಚಕ್ರ ನೋಡಿದೆ. ಕಡ್ಡಿ 36 ಇರಬೇಕು. 14 ಗೇಜಿನ ತೆಳು ಕಡ್ಡಿ ಬೇಡ, 13 ಗೇಜ್ ಬೇಕು. ಗೇಜಿನ ಅಂಕಿ ಇಳಿದ ಹಾಗೆ ಕಡ್ಡಿ ದಪ್ಪ. ನಮ್ಮ ಕಡಲ ಗಾಳಿಗೆ ಸ್ಟೇನ್‌ಲೆಸ್ ಸ್ಟೀಲೇ ಆಗಬೇಕು. ರಿಮ್ ಎರಡು ಗೋಡೆಯದ್ದು, ಅಂದರೆ ಒಳಗೆ ಪೆಟ್ಟಿಗೆಯ ಹಾಗೆ ಟೊಳ್ಳು ಇರುವಂಥದ್ದು. ಸೇಲ್ಸ್ ಹುಡುಗ ಡಿಸ್‌ಪ್ಲೇ, ಯುಎಸ್‌ಬಿ ಚಾರ್ಜರ್, ಅಲಾರಂ ಎಲ್ಲ ತೋರಿಸುತ್ತಲೇ ಇದ್ದ. ನಾನು ಸ್ಪೋಕುಗಳನ್ನು ಎರಡೆರಡಾಗಿ ಹಿಡಿದು ಒತ್ತುತ್ತಿದ್ದೆ. ಇವರಿಗೆ ಏನೋ ಆಗಿದೆ ಎಂದುಕೊಂಡಿರಬೇಕು.

ತಂದ ದಿನವೇ ಸವಾರಿ ಮಾಡದೆ ನೇರ ಕಾಕನ ಶಾಪಿಗೆ ತಳ್ಳಿಕೊಂಡು ಹೋದೆ. ಅವರು ಪ್ರತಿ ಕಡ್ಡಿಯನ್ನೂ ಬೆರಳಲ್ಲಿ ಮೀಟಿ, ಕಿವಿಗೊಟ್ಟು ಕೇಳಿ, ಸ್ವರ ಇಳಿದದ್ದನ್ನು ಬಿಗಿ ಮಾಡುತ್ತಾ ಬಂದರು. ಒಂದೇ ಬದಿಯ ಕಡ್ಡಿಗಳೆಲ್ಲ ಹೆಚ್ಚುಕಡಿಮೆ ಒಂದೇ ಸ್ವರ ಕೊಡಬೇಕು. ಮುಕ್ಕಾಲು ಗಂಟೆ ಹಿಡಿಯಿತು, 200 ರೂಪಾಯಿ ತೆಗೆದುಕೊಂಡರು. 150 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ. ಹೊಸ ಕಡ್ಡಿಗಳು ಕುಳಿತುಕೊಳ್ಳುವಾಗ ಸ್ವಲ್ಪ ಸಡಿಲವಾಗುತ್ತವೆ, ಅದಕ್ಕೆ ಈ ಎರಡನೇ ಬಿಗಿ. ಈ 400 ರೂಪಾಯಿಯಷ್ಟು ಫಲ ಕೊಟ್ಟ ಖರ್ಚು ಇಡೀ ಸೈಕಲ್ಲಿನಲ್ಲಿ ಇನ್ನೊಂದಿಲ್ಲ.

ಇನ್ನು ಮೋಟಾರ್. ನಮ್ಮ ದೇಶದ ಮೋಟಾರು ವಾಹನ ನಿಯಮದಲ್ಲಿ 250 ವಾಟಿಗಿಂತ ಕಡಿಮೆ ಶಕ್ತಿ, ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ವೇಗ ಇದ್ದರೆ ಅದು ಮೋಟಾರು ವಾಹನವಲ್ಲ. ನೋಂದಣಿ, ಲೈಸೆನ್ಸ್ ಬೇಡ. “ಸರ್, ನಿಮ್ಮ ವೈಟಿಗೆ 750 ವಾಟ್ ಹಾಕಿಕೊಡ್ತೇವೆ” ಎಂದವರು ಸಿಕ್ಕಿದ್ದರು. ಕಾಗದಪತ್ರ ಇಲ್ಲದ ವಾಹನದಲ್ಲಿ ನಂತೂರು ಸರ್ಕಲ್ಲಿನಲ್ಲಿ ಯಾರಿಗಾದರೂ ತಾಗಿದರೆ ಎಂದು ಯೋಚಿಸಿ ಬೇಡ ಅಂದೆ. ಅದಕ್ಕಿಂತ ಮುಖ್ಯ, ಏರಿನಲ್ಲಿ ಮೊದಲು ನೋಡಬೇಕಾದ್ದು ವಾಟ್ ಅಲ್ಲ, ಟಾರ್ಕ್, ಅಂದರೆ ಚಕ್ರವನ್ನು ತಿರುಗಿಸುವ ಬಲ.

ನೂರು ಮೀಟರಿಗೆ ಎಂಟು ಮೀಟರ್ ಹತ್ತುವ ಏರು ಎಂದು ಇಟ್ಟುಕೊಳ್ಳಿ, ಮಂಗಳೂರಿನಲ್ಲಿ ಅದಕ್ಕೆ ಬರವಿಲ್ಲ. 155 ಕಿಲೋಗೆ ಎಂಟು ಶೇಕಡಾ ಅಂದರೆ ಹನ್ನೆರಡೂವರೆ ಕಿಲೋ ಭಾರ ಸದಾ ಹಿಂದಕ್ಕೆ ಜಗ್ಗುತ್ತಿರುತ್ತದೆ. 40 ನ್ಯೂಟನ್-ಮೀಟರ್ ಟಾರ್ಕಿನ ಹಬ್ ಮೋಟಾರ್ (ಚಕ್ರದ ಹಬ್‌ನೊಳಗೇ ಕೂರುವಂಥದ್ದು) 26 ಇಂಚಿನ ಚಕ್ರದಲ್ಲಿ ನೆಲಕ್ಕೆ ಕೊಡುವ ಎಳೆತ ಹೆಚ್ಚುಕಡಿಮೆ ಅಷ್ಟೇ, ಹನ್ನೆರಡೂವರೆ ಕಿಲೋ. ಅಂದರೆ ಹಿಂದೆ ಜಾರದ ಹಾಗೆ ಹಿಡಿದುಕೊಂಡೀತು, ಹತ್ತಿಸುವ ಕೆಲಸ ನನ್ನ ಕಾಲಿನದ್ದು. ಕಾಲು ತುಳಿಯದೆ ಥ್ರಾಟಲ್ ಹಿಡಿದು ಕೂತರೆ ವೇಗ ನಡಿಗೆಗೆ ಇಳಿಯುತ್ತದೆ, ಬ್ಯಾಟರಿಯ ಶಕ್ತಿ ಚಕ್ರ ತಿರುಗಿಸುವ ಬದಲು ಮೋಟಾರನ್ನು ಕಾಯಿಸುತ್ತದೆ. ಮೊದಲ ಸೈಕಲ್ಲಿನಲ್ಲಿ ಲೈಟ್‌ಹೌಸ್ ಹಿಲ್ ಏರಿನ ನಡುವೆ, ಅಲೋಶಿಯಸ್ ಕಾಲೇಜಿನ ಮಕ್ಕಳೆಲ್ಲ ನೋಡುತ್ತಿರುವಾಗ, ಮೋಟಾರ್ ಕೈಕೊಟ್ಟದ್ದು ಹೀಗೇ.

ಇದೇ ಮೋಟಾರನ್ನು 20 ಇಂಚಿನ ಚಕ್ರಕ್ಕೆ ಹಾಕಿದರೆ ಎಳೆತ ಹದಿನಾರು ಕಿಲೋಗೆ ಏರುತ್ತದೆ, ಕಡ್ಡಿ ಗಿಡ್ಡವಾಗಿ ಚಕ್ರವೂ ಗಟ್ಟಿ. ನಿಜ ಹೇಳುತ್ತೇನೆ, ಅದರ ಮೇಲೆ ತುಂಬ ಆಸೆಯಿತ್ತು. ಬಿಟ್ಟದ್ದು ಮಳೆಗಾಲಕ್ಕೆ ಹೆದರಿ. ನೀರು ತುಂಬಿದ ಹೊಂಡದ ಆಳ ಗೊತ್ತಾಗುವುದಿಲ್ಲ, ಸಣ್ಣ ಚಕ್ರ ಅದರೊಳಗೆ ಪೂರ್ತಿ ಇಳಿಯುತ್ತದೆ. ಮೇಲಾಗಿ ದಪ್ಪ ಟಯರಿನ 20 ಇಂಚಿನದ್ದಕ್ಕೆ ಟಯರ್ ಬೇಕೆಂದರೆ ತರಿಸಿಕೊಳ್ಳಬೇಕು. 26 ಇಂಚಿನ ಟ್ಯೂಬು ಯಾವ ಶಾಪಿನಲ್ಲೂ ನೇತಾಡುತ್ತಿರುತ್ತದೆ. ಕೊನೆಗೆ 26 ಇಂಚು, 2.35 ಇಂಚು ಅಗಲದ ಟಯರು, ಒಳಗೆ ಗೇರಿರುವ 45 ನ್ಯೂಟನ್-ಮೀಟರಿನ ಹಬ್ ಮೋಟಾರ್. ಪೆಡಲ್ ಹತ್ತಿರ ಕೂರುವ ಮಿಡ್ ಡ್ರೈವ್ ಏರಿಗೆ ಇನ್ನೂ ಒಳ್ಳೆಯದು, ಸುಳ್ಳಲ್ಲ. ಆದರೆ ಅದರ ಎಳೆತವೆಲ್ಲ ಚೈನಿನ ಮೂಲಕವೇ ಹೋಗಬೇಕು, ಚೈನು ಹಲ್ಲುಚಕ್ರ ಬೇಗ ಸವೆಯುತ್ತವೆ, ಬೆಲೆಯೂ ನನ್ನ ಕೈಗೆ ಮೀರಿದ್ದು.

ಫ್ರೇಮು ಸ್ಟೀಲಿನದ್ದು. ಮುಂದೆ ಸಸ್ಪೆನ್ಷನ್ ಇಲ್ಲ. ಅಗ್ಗದ ಸ್ಪ್ರಿಂಗ್ ಫೋರ್ಕ್ ನನ್ನಂಥವರ ಕೆಳಗೆ ಮೊದಲ ದಿನವೇ ತಳ ಮುಟ್ಟುತ್ತದೆ, ವರ್ಷದಲ್ಲಿ ಗಡಗಡ ಅನ್ನುತ್ತದೆ. ಅಗಲ ಟಯರಿಗೆ ಹದ ನೋಡಿ ಗಾಳಿ ತುಂಬಿದರೆ ಸಾಕು. ನಾನು ಹಿಂದೆ 50, ಮುಂದೆ 42 ಪಿಎಸ್‌ಐ ಇಡುತ್ತೇನೆ, ವಾರಕ್ಕೊಮ್ಮೆ ಪಂಪಿನ ಗೇಜಿನಲ್ಲಿ ನೋಡಿಯೇ. ಸೀಟು ಮಾತ್ರ ಬಂದದ್ದನ್ನು ತೆಗೆದು, ಕರಿ ಸೈಕಲ್ಲಿನ ಹಾಗೆ ಕೆಳಗೆ ಎರಡು ದಪ್ಪ ಸ್ಪ್ರಿಂಗ್ ಇರುವ ಅಗಲ ಸೀಟು ಹಾಕಿಸಿದೆ. ಹೆಂಡತಿ ನೋಡಿ “ಇದೆಂತ, ಪೋಸ್ಟ್‌ಮ್ಯಾನ್ ಆಗಿದ್ದೀರಾ?” ಅಂದಳು. ಬೆನ್ನು ಮಾತ್ರ ಏನೂ ಅನ್ನಲಿಲ್ಲ.

ಬಿಚ್ಚುವುದು ಕಡಿಮೆ, ಬಿಚ್ಚಿದರೂ ಪಕ್ಕದ ಶಾಪಿನಲ್ಲೇ ಸರಿಯಾಗಬೇಕು ಎನ್ನುವುದು ನನ್ನ ಹಟ. ಅದನ್ನು ಒಂದು ಕಡೆ ಮಾತ್ರ ಮುರಿದೆ: ಬ್ರೇಕಿನಲ್ಲಿ. ಕೇಬಲ್ ಎಳೆಯುವ ಡಿಸ್ಕ್ ಬ್ರೇಕನ್ನು ಕಾಕನೇ ಸರಿ ಮಾಡಬಲ್ಲರು, ಆದರೆ ಮಳೆ ಮತ್ತು ಉಪ್ಪಿನ ಗಾಳಿಗೆ ಕೇಬಲ್ ತುಕ್ಕು ಹಿಡಿದು ಬಿಗಿಯಾಗುತ್ತದೆ. 155 ಕಿಲೋ ಹೊತ್ತು ಇಳಿಜಾರಿನಲ್ಲಿ ಜ್ಯೋತಿ ಸರ್ಕಲ್ಲಿನಿಂದ ಹಂಪನಕಟ್ಟೆಗೆ ಇಳಿಯುವಾಗ ನಾಲ್ಕು ಬೆರಳಲ್ಲಿ ಹಿಂಡಿದರೂ ನಿಲ್ಲದ ಅನುಭವ ಒಮ್ಮೆ ಆಗಿತ್ತು. ಬಸ್ಸಿನ ಹಿಂಬದಿ ಒಂದು ಗೇಣು ದೂರದಲ್ಲಿತ್ತು. ಕೇಬಲಿನ ಬದಲು ಎಣ್ಣೆಯ ಒತ್ತಡದಲ್ಲಿ ಹಿಡಿಯುವ ಹೈಡ್ರಾಲಿಕ್ ತೆಗೆದುಕೊಂಡೆ, ಮುಂದಿನ ಡಿಸ್ಕ್ 180 ಮಿಲಿಮೀಟರಿನದ್ದು. ದೊಡ್ಡ ಡಿಸ್ಕು ಕಡಿಮೆ ಕಾಯುತ್ತದೆ. ಒಂದು ಬೆರಳಿಗೆ ನಿಲ್ಲುತ್ತದೆ. ಎರಡು ವರ್ಷದಲ್ಲಿ ಒಮ್ಮೆ ಎಣ್ಣೆ ಬದಲಿಸಲು ದೊಡ್ಡ ಅಂಗಡಿಗೆ ಹೋಗಬೇಕಾಯಿತು, ಅಷ್ಟೆ.

ಬ್ಯಾಟರಿ 36 ವೋಲ್ಟ್, 13 ಆಂಪಿಯರ್-ಅವರ್. ಗುಣಿಸಿದರೆ 468 ವಾಟ್-ಅವರ್. ನನ್ನ ತೂಕಕ್ಕೆ, ನಮ್ಮ ಏರಿಗೆ, ಕಾಲು ಸೇರಿಸಿಯೂ ಕಿಲೋಮೀಟರಿಗೆ 14-15 ವಾಟ್-ಅವರ್ ಖರ್ಚಾಗುತ್ತದೆ. ಹೋಗಿ ಬರಲು ಸುಮಾರು ಅರ್ಧ ಬ್ಯಾಟರಿ. ಅಂಗಡಿಯವರು ಹೇಳುವ ‘60 ಕಿಲೋಮೀಟರ್’ ಸಪುರ ಹುಡುಗ ಬಯಲಿನಲ್ಲಿ ಓಡಿಸಿದ್ದು; ನಮ್ಮಂಥವರು ಅದರ ಅರ್ಧ ಹಿಡಿದುಕೊಂಡರೆ ಮೋಸವಿಲ್ಲ. ಪೂರ್ತಿ ಬರಿದು ಮಾಡದಿದ್ದರೆ ಲಿಥಿಯಂ ಬ್ಯಾಟರಿಗೆ ಆಯುಷ್ಯವೂ ಹೆಚ್ಚು. ಮನೆಗೆ ಬಂದ ಕೂಡಲೇ ಬಿಸಿಯಿರುವಾಗ ಚಾರ್ಜಿಗೆ ಹಾಕುವುದಿಲ್ಲ, ಊಟ ಆದ ಮೇಲೆ.

ಮಳೆಗಾಲದ್ದೇ ಒಂದು ಕಥೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರಿದು. ಮೊದಲ ಜುಲೈಯಲ್ಲಿ ಒಂದು ಬೆಳಿಗ್ಗೆ ಮೋಟಾರ್ ಜರ್ಕ್ ಹೊಡೆದು ನಿಂತಿತು. ಆಕ್ಸಲ್ಲಿನಿಂದ ಹೊರಬರುವ ಕೇಬಲ್ ನೇರ ಮೇಲೆ ಹೋಗಿತ್ತು. ಅದರ ಗುಂಟ ನೀರು ಇಳಿದು ಕನೆಕ್ಟರಿಗೆ ಸೇರಿತ್ತು. ಬಿಚ್ಚಿ ಒಣಗಿಸಿ, ಸಿಲಿಕಾನ್ ಗ್ರೀಸ್ ಸವರಿ, ಕೇಬಲ್ ಒಂದು ಕಡೆ ಕೆಳಗೆ ಜೋತು ಬಿದ್ದು ಆಮೇಲೆ ಮೇಲೇರುವ ಹಾಗೆ ಕಟ್ಟಿದೆ. ನೀರು ಆ ಜೋತಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಆಮೇಲೆ ತೊಂದರೆ ಬಂದಿಲ್ಲ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ನೀರನ್ನು ಹತ್ತಿರ ಬಿಡುವುದಿಲ್ಲ, ಬಕೆಟ್ಟು ಬಟ್ಟೆ ಸಾಕು. ಚೈನಿಗೆ ತೆಂಗಿನೆಣ್ಣೆ ಹಾಕಿ ಅಂತ ಅಕ್ಕಪಕ್ಕದವರು ಹೇಳುತ್ತಾರೆ. ಮಳೆಯಲ್ಲಿ ಮೂರು ದಿನವೂ ನಿಲ್ಲುವುದಿಲ್ಲ, ದಪ್ಪ ಚೈನ್ ಆಯಿಲೇ ಬೇಕು.

ಎರಡು ಮಳೆಗಾಲ, 6,400 ಕಿಲೋಮೀಟರ್. ಚೈನು ಎರಡು, ಹಿಂದಿನ ಬ್ರೇಕ್ ಪ್ಯಾಡ್ ಮೂರು ಜೊತೆ, ಮುಂದಿನದ್ದು ಎರಡು, ಪಂಕ್ಚರ್ ನಾಲ್ಕು. ಸ್ಪೋಕ್ ಒಂದೇ ಒಂದು, ಅದೂ ಕೆಪಿಟಿ ಜಂಕ್ಷನ್ ಹತ್ತಿರ ಕತ್ತಲಲ್ಲಿ ಹೊಂಡಕ್ಕೆ ಇಳಿಸಿದ್ದಕ್ಕೆ. ನನ್ನ ತೂಕ 114ಕ್ಕೆ ಬಂದಿದೆ, ಮನೆಯ ಯಂತ್ರ ಈಗ ಅಂಕಿ ತೋರಿಸುತ್ತದೆ. ಲೈಟ್‌ಹೌಸ್ ಹಿಲ್ ಏರನ್ನು ಈಗಲೂ ಒಂಬತ್ತರ ವೇಗದಲ್ಲೇ ಹತ್ತುವುದು, ಏದುಸಿರು ಬಿಡುತ್ತಾ. ಹಿಂದಿನ ಟಯರಿನ ನಡುವಿನ ಗೀರು ಸವೆದು ನುಣುಪಾಗಿದೆ. ಜೂನ್ ಬರುವ ಮುಂಚೆ ಬದಲಿಸಬೇಕು, ಕಾಕ ಆಗಲೇ ಒಂದು ತರಿಸಿ ಅಟ್ಟದ ಮೇಲೆ ಇಟ್ಟಿದ್ದಾರೆ.