ಮಳೆಗಾಲದ ನಲವತ್ತು ದಿನ, ಮನೆಯಲ್ಲೇ ನೋಹನ ನಾವೆ

ಜುಲೈ ಬಂತೆಂದರೆ ನಮ್ಮ ಕಾಸರಗೋಡಿನ ಮಕ್ಕಳಿಗೆ ಎಷ್ಟು ದಿನ ಶಾಲೆ, ಎಷ್ಟು ದಿನ ಮನೆ ಅಂತ ಹೇಳಲಿಕ್ಕಾಗುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಕಲೆಕ್ಟರ್ ರಜೆ ಕೊಟ್ಟರಾ ಅಂತ ಮೊಬೈಲ್ ನೋಡುವುದೇ ಮೊದಲ ಕೆಲಸ. ಆ ರಜೆಗಳನ್ನು ಟಿವಿಗೆ ಬಿಟ್ಟುಕೊಡಬೇಡಿ. ಬೈಬಲ್ಲಿನ ಒಂದೇ ಕತೆ ಹಿಡಿದುಕೊಂಡು ಓದು, ಲೆಕ್ಕ, ವಿಜ್ಞಾನ, ಪ್ರಾರ್ಥನೆ ಎಲ್ಲವನ್ನೂ ಒಟ್ಟಿಗೆ ಕಲಿಸಬಹುದು. ಐದು ವರ್ಷದ ಮಗಳಿಗೆ ನಾನು ತಗೊಂಡದ್ದು ನೋಹನ ಕತೆ: ನಲವತ್ತು ದಿನ ಮಳೆ ಸುರಿದು ಲೋಕವೆಲ್ಲ ಮುಳುಗಿದಾಗ, ದೇವರ ಮಾತಿನಂತೆ ನಾವೆ ಕಟ್ಟಿ ಮನೆಯವರನ್ನೂ ಪ್ರಾಣಿಗಳನ್ನೂ ಉಳಿಸಿಕೊಂಡವನ ಕತೆ.

ಮೊದಲ ಸಲ ನಾನು ಇಂಗ್ಲಿಷ್ ವರ್ಕ್‌ಶೀಟ್ ಪ್ರಿಂಟ್ ತೆಗೆದು ಕೊಟ್ಟಿದ್ದೆ. ಹಿಮಕರಡಿ, ಪೆಂಗ್ವಿನ್, ಬಣ್ಣ ತುಂಬು, ಗೆರೆ ಎಳೆ. ನಾಲ್ಕೇ ದಿನಕ್ಕೆ ಅವಳಿಗೆ ಸಾಕಾಯಿತು. ಆಮೇಲೆ ಮನೆಯಲ್ಲಿ, ಅಂಗಳದಲ್ಲಿ ಇರುವುದನ್ನೇ ಹಿಡಿದುಕೊಂಡೆವು, ಪಾಠ ತಾನಾಗಿ ನಡೆಯಿತು.

ಶುರು ಮಾಡುವ ದಿನವೇ ಕತೆಯ ಕೊನೆ ಹೇಳಿಬಿಡಿ. ಇದು ನನ್ನ ಗಟ್ಟಿ ಅಭಿಪ್ರಾಯ. ಹೊರಗೆ ಗುಡುಗು, ಕರೆಂಟಿಲ್ಲ, ಹಂಚಿನ ಮೇಲೆ ಧೋ ಅಂತ ಮಳೆ. ಅಂಥ ರಾತ್ರಿಯಲ್ಲಿ ಲೋಕವೆಲ್ಲ ಮುಳುಗಿದ ಕತೆಯನ್ನು ಅರ್ಧಕ್ಕೆ ನಿಲ್ಲಿಸಿ ಮಲಗಿಸಿದರೆ ಮಗು ಹೆದರದೆ ಇರುತ್ತದಾ? ನೀರು ಇಳಿಯಿತು, ಎಲ್ಲರೂ ಹೊರಗೆ ಬಂದರು, ಇನ್ನು ಮುಂದೆ ಭೂಮಿಯನ್ನು ಪ್ರಳಯದಿಂದ ಹಾಳು ಮಾಡುವುದಿಲ್ಲ ಅಂತ ದೇವರು ಮಾತು ಕೊಟ್ಟು ಮೋಡದಲ್ಲಿ ಬಿಲ್ಲು ಇಟ್ಟರು, ಇಷ್ಟನ್ನು ಮೊದಲೇ ಹೇಳಿ. ನಂತರ ಬೈಬಲ್ಲಿನ ಮೊದಲ ಪುಸ್ತಕವಾದ ಆದಿಕಾಂಡದ 6ರಿಂದ 9ನೇ ಅಧ್ಯಾಯದವರೆಗೆ ದಿನಕ್ಕೆ ಮೂರು ನಾಲ್ಕು ವಚನ, ಕನ್ನಡದಲ್ಲೇ, ಬೆರಳಿಟ್ಟು ಓದಿ. ಶಾಲೆಯಲ್ಲಿ ಇಂಗ್ಲಿಷೋ ಮಲಯಾಳವೋ ಕಲಿಯುವ ನಮ್ಮ ಮಕ್ಕಳಿಗೆ ಕನ್ನಡ ಅಕ್ಷರ ಕೂಡಿಸಿ ಓದಲು ಇದೇ ಅವಕಾಶ.

ಗೋಡೆಗೆ ಒಂದು ದೊಡ್ಡ ಕಾಗದ ಅಂಟಿಸಿ, ಕತೆಯ ಮಳೆಯ ದಿನಕ್ಕೊಂದರಂತೆ ನಲವತ್ತು ಚೌಕ ಹಾಕಿ. ಜುಲೈ 1ಕ್ಕೆ ಶುರು ಮಾಡಿದರೆ ಆಗಸ್ಟ್ 9ಕ್ಕೆ ಮುಗಿಯುತ್ತದೆ. ಮಳೆ ಅಳೆಯಲು 2 ಲೀಟರಿನ, ಬದಿ ನೇರ ಇರುವ ಪ್ಲಾಸ್ಟಿಕ್ ಬಾಟಲಿ ಸಾಕು. ಮೇಲಿನ ಭಾಗ ಕತ್ತರಿಸಿ, ಮುಚ್ಚಳ ತೆಗೆದು, ಲಾಳಿಕೆಯ ಹಾಗೆ ತಲೆಕೆಳಗಾಗಿ ಒಳಗೆ ಕೂರಿಸಿ. ತಳದ ಉಬ್ಬುತಗ್ಗು ಮುಚ್ಚುವಷ್ಟು ನೀರು ಹಾಕಿ ಅಲ್ಲೊಂದು ಗೆರೆ ಎಳೆಯಿರಿ, ಅದೇ ಸೊನ್ನೆ. ತೆಂಗಿನ ಮರದ ಅಡಿಯಲ್ಲಿ ಇಡಬೇಡಿ, ತೆರೆದ ಜಾಗದಲ್ಲಿಡಿ. ಹವಾಮಾನ ಇಲಾಖೆಯವರು ದಿನದ ಮಳೆ ಅಳೆಯುವುದು ಬೆಳಿಗ್ಗೆ 8.30ಕ್ಕೆ, ನೀವೂ ಅದೇ ಹೊತ್ತಿಗೆ ಸ್ಕೇಲ್ ಹಿಡಿದು ಗೆರೆಯಿಂದ ಮೇಲೆ ಎಷ್ಟು ಮಿಲಿಮೀಟರ್ ಅಂತ ಮಗುವಿನ ಕೈಯಲ್ಲೇ ಓದಿಸಿ. ಸುದ್ದಿಯಲ್ಲಿ ಬರುವ ಅಲರ್ಟ್ ಬಣ್ಣಗಳಿಗೂ ಲೆಕ್ಕ ಇದೆ. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಹಳದಿ, 115.5 ದಾಟಿದರೆ ಕಿತ್ತಳೆ, 204.4 ದಾಟಿದರೆ ಕೆಂಪು. 64.5ಕ್ಕಿಂತ ಕಡಿಮೆ ಇದ್ದರೆ ಹಸಿರು. ಚೌಕಕ್ಕೆ ಅದೇ ಬಣ್ಣ ತುಂಬಲಿ. ನೋಡಿ ಆದ ಮೇಲೆ ಗೆರೆಯವರೆಗಿನ ನೀರನ್ನೂ ದಿನಾ ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ.

ಇನ್ನು ನಾವೆ. ಉದ್ದ 300 ಮೊಳ, ಅಗಲ 50, ಎತ್ತರ 30. ಮೊಳ ಅಂದರೆ ಏನು ಅಂತ ನಮ್ಮ ಮಕ್ಕಳಿಗೆ ವಿವರಿಸಬೇಕಾಗಿಲ್ಲ, ಮಲ್ಲಿಗೆ ಮಾರುವವರು ಅಳೆಯುವುದನ್ನು ನೋಡಿಯೇ ಇರುತ್ತಾರೆ. ಮೊಣಕೈಯಿಂದ ನಡುಬೆರಳ ತುದಿಗೆ ಒಂದು ಮೊಳ. ಮಗಳು ನೆಲದ ಮೇಲೆ ಕೈ ಊರಿ, ಬೆರಳ ತುದಿಗೆ ಸೀಮೆಸುಣ್ಣದಿಂದ ಗೆರೆ ಹಾಕಿ, ಮತ್ತೆ ಮೊಣಕೈ ಅಲ್ಲಿಟ್ಟು, ಹೀಗೆ ತೆವಳಿಕೊಂಡು ಚಾವಡಿ ಪೂರ್ತಿ ಅಳೆದಳು. ಅವಳ ಲೆಕ್ಕದಲ್ಲಿ 15 ಮೊಳ. ಅಪ್ಪ ಅಳೆದರೆ 10. "ಹಾಗಾದ್ರೆ ನೋಹನ ಕೈ ಯಾರ ಹಾಗೆ ಇತ್ತು?" ಅಂತ ಕೇಳಿದಳು. ಅಳತೆಗೋಲು ಯಾಕೆ ಬೇಕು ಅಂತ ಅವಳಿಗೆ ಗೊತ್ತಾದದ್ದು ಆ ಹೊತ್ತಿಗೆ. ಮೊಳಕ್ಕೆ ಒಂದೂವರೆ ಅಡಿ ಹಿಡಿದರೆ ನಾವೆಯ ಉದ್ದ 450 ಅಡಿ ಆಗುತ್ತದೆ. ಮಾದರಿ ಮಾಡುವಾಗ ಒಂದು ಮೊಳಕ್ಕೆ ಒಂದು ಮಿಲಿಮೀಟರ್ ಇಟ್ಟುಕೊಳ್ಳಿ. 300 ಮಿಲಿಮೀಟರ್ ಅಂದರೆ ಸರಿಯಾಗಿ ಶಾಲೆಯ ಸ್ಕೇಲಿನಷ್ಟು ಉದ್ದ, ಅಗಲ 5 ಸೆಂಟಿಮೀಟರ್, ಎತ್ತರ 3. ನಾವೆಗೆ ಮೂರು ಅಂತಸ್ತು, ಹಾಗಾಗಿ ಒಂದೊಂದಕ್ಕೆ ಒಂದು ಸೆಂಟಿಮೀಟರ್. ರಟ್ಟು ಆಗಬಹುದು, ಆದರೆ ಅಡಿಕೆ ಹಾಳೆ ಇದ್ದರೆ ಅದೇ ಚಂದ. ನೆನೆಸಿದರೆ ಬಗ್ಗುತ್ತದೆ, ಒಣಗಿದರೆ ಗಟ್ಟಿ.

ನಾವೆಯ ಒಳಗೂ ಹೊರಗೂ ರಾಳ ಹಚ್ಚು ಅಂತ ದೇವರು ನೋಹನಿಗೆ ಹೇಳುತ್ತಾರಲ್ವಾ, ಅದು ಯಾಕೆ ಅಂತ ಬಾಯಲ್ಲಿ ಹೇಳಬೇಡಿ, ಮಾಡಿ ತೋರಿಸಿ. ಎರಡು ಕಾಗದದ ದೋಣಿ ಮಾಡಿ. ಒಂದಕ್ಕೆ ಒಳಗೆ ಹೊರಗೆ ಮೇಣದಬತ್ತಿ ಚೆನ್ನಾಗಿ ಉಜ್ಜಿ, ಇನ್ನೊಂದನ್ನು ಹಾಗೇ ಬಿಡಿ. ಎರಡನ್ನೂ ಟಬ್ಬಿಗೆ ಹಾಕಿ ಹುಣಸೆ ಬೀಜ ಒಂದೊಂದಾಗಿ ಏರಿಸುತ್ತಾ ಎಣಿಸಿ. ಉಜ್ಜದ ದೋಣಿ ಬೇಗ ನೆನೆದು ಕುಸಿಯುತ್ತದೆ. ನಮ್ಮ ಕಡಲ ಕರೆಯಲ್ಲಿ ಮರದ ದೋಣಿಗೆ ಮೀನೆಣ್ಣೆ, ಗೇರು ಎಣ್ಣೆ ಬಳಿಯುವುದೂ ಇದಕ್ಕೇ ಅಂತ ಆಗ ಹೇಳಿ. ನೀರಿನ ಆಟ ಮುಗಿಯುವವರೆಗೆ ನೀವು ಅಲ್ಲಿಂದ ಏಳಬೇಡಿ, ಟಬ್ಬಿನಲ್ಲಿ ಒಂದು ಗೇಣು ನೀರಿದ್ದರೂ ಸಣ್ಣ ಮಕ್ಕಳಿಗೆ ಅಪಾಯ.

ಪ್ರಾಣಿಗಳನ್ನು ಜೋಡಿಯಾಗಿ ಒಳಗೆ ಕಳಿಸುವಾಗ ಎರಡರ ಮಗ್ಗಿ ಬಂದೇ ಬರುತ್ತದೆ. ನಾವು ಹೆಸರುಗಳನ್ನೂ ಸೇರಿಸಿದೆವು. ಕಾಗೆಗೆ ತುಳುವಲ್ಲಿ ಕಕ್ಕೆ, ಮಲಯಾಳದಲ್ಲಿ ಕಾಕ್ಕ, ಕೊಂಕಣಿಯಲ್ಲಿ ಕಾವ್ಳೊ. ಪಕ್ಕದ ಮನೆಯವರನ್ನು ಕೇಳಿ ಬರಲು ಕಳಿಸಿ, ಅದೂ ಒಂದು ಪಾಠವೇ.

"ಒಳಗೆ ಬಾರದವರು ಏನಾದರು?" ಈ ಪ್ರಶ್ನೆ ಬರುತ್ತದೆ. ನಮ್ಮ ಮನೆಯಲ್ಲಿ ಹನ್ನೊಂದನೇ ದಿನ ಬಂತು, ಗಂಜಿ ಉಣ್ಣುವಾಗ. 2018ರ ಕೇರಳದ ಪ್ರಳಯದ ಚಿತ್ರಗಳನ್ನು ಮಕ್ಕಳು ಎಲ್ಲೋ ನೋಡಿರುತ್ತಾರೆ. ಸುಳ್ಳು ಹೇಳಬೇಡಿ. ಸತ್ತರು ಅಂತಲೇ ಹೇಳಿ. ಅದಕ್ಕಿಂತ ಮೊದಲು ದೇವರು ಮನಸ್ಸಿನಲ್ಲಿ ನೊಂದುಕೊಂಡರು ಅಂತ 6ನೇ ಅಧ್ಯಾಯದಲ್ಲಿ ಇದೆ, ಅದನ್ನೂ ಓದಿ ಹೇಳಿ. ಮಾತು ಕೇಳದಿದ್ದರೆ ನೀನೂ ಮುಳುಗುತ್ತೀಯ ಅಂತ ಮಾತ್ರ ಯಾವತ್ತೂ ಹೆದರಿಸಬೇಡಿ. ಆ ರಾತ್ರಿ ನಾವು ಮಳೆಯಲ್ಲಿ ಮನೆ ಸೋರುವವರಿಗಾಗಿ, ಕಡಲಿಗೆ ಹೋದವರಿಗಾಗಿ ಪ್ರಾರ್ಥನೆ ಮಾಡಿದೆವು. ಮಗಳು ನಾಯಿಮರಿಯನ್ನೂ ಸೇರಿಸಿದಳು.

ನಲವತ್ತು ಚೌಕ ತುಂಬಿದ ಮೇಲೆ ಹಕ್ಕಿಗಳ ಸರದಿ. ನೀರು ಇಳಿಯಿತಾ ಅಂತ ನೋಡಲು ನೋಹ ಕಳಿಸಿದ್ದು ಮೊದಲು ಕಾಗೆ, ಆಮೇಲೆ ಪಾರಿವಾಳ ಮೂರು ಸಲ. ಒಮ್ಮೆ ಸುಮ್ನೆ ವಾಪಸು ಬಂತು, ಏಳು ದಿನದ ನಂತರ ಎಲೆ ಕಚ್ಚಿಕೊಂಡು ಬಂತು, ಮತ್ತೆ ಏಳು ದಿನ ಬಿಟ್ಟು ಕಳಿಸಿದಾಗ ಬರಲೇ ಇಲ್ಲ. ಕಾಗದದ ಪಾರಿವಾಳಕ್ಕೆ ನೂಲು ಕಟ್ಟಿ ನೀವೂ ಏಳೇಳು ದಿನ ಕಾಯಿರಿ. ಕಾಯುವುದು ಮಕ್ಕಳಿಗೆ ಕಷ್ಟ, ಆದರೂ ಅವಸರ ಮಾಡಬೇಡಿ. ಆ ಎಲೆ ಕನ್ನಡ ಬೈಬಲ್ಲಿನಲ್ಲಿ ಎಣ್ಣೇಮರದ್ದು. ಮಗಳು ತೆಂಗಿನ ಗರಿಯ ತುಂಡು ತಂದು ಪಾರಿವಾಳದ ಕೊಕ್ಕಿಗೆ ಅಂಟಿಸಿದ್ದಳು, ಎಣ್ಣೆ ಕೊಡುವ ಮರ ಅವಳಿಗೆ ಅದೇ ಅಲ್ವಾ. ಅದು ಆಲಿವ್ ಅಂತ ಹೇಳಿದೆ, ಗರಿ ತೆಗೆಯಲು ಹೇಳಲಿಲ್ಲ.

ಉಳಿದದ್ದು ಕಾಮನಬಿಲ್ಲು. ಅದು ಯಾವಾಗಲೂ ಸೂರ್ಯನ ಎದುರು ದಿಕ್ಕಿನಲ್ಲೇ ಮೂಡುತ್ತದೆ. ನಮ್ಮಲ್ಲಿ ಬೆಳಿಗ್ಗೆಯಾದರೆ ಪಡುವಣ ಕಡಲಿನ ಕಡೆ, ಸಂಜೆಯಾದರೆ ಮೂಡಣ ಗುಡ್ಡದ ಕಡೆ ಹುಡುಕಿ. ನೆತ್ತಿ ಮೇಲೆ ಬಿಸಿಲಿರುವಾಗ ನೆಲದಿಂದ ಕಾಣುವುದಿಲ್ಲ. ಸಂಜೆ ನಾಲ್ಕೂವರೆಯ ಮೇಲೆ ಮಳೆ ಹನಿಯುತ್ತಿರುವಾಗಲೇ ಬಿಸಿಲು ಬಂದರೆ ಬೆನ್ನಿಗೆ ಬಿಸಿಲು ಬೀಳುವಂತೆ ಅಂಗಳದಲ್ಲಿ ನಿಲ್ಲಿಸಿ. ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಮಗು ಕರೆದರೆ ಒಲೆ ಆರಿಸಿ ನೀವೂ ಹೋಗಿ.